ಗೌಡರ ತೋಟದ ಶಾಲೆಯ ಇಂಗ್ಲಿಷ್ ಒಡಪು

ವೀರಪ್ಪಜ್ಜ ದೂರು ಹೇಳಲು ನನ್ನ ಬಳಿ ಬಂದಾಗ ಅವನ ಕುತ್ತಿಗೆ ಒಂದು ಬದಿಗೆ ವಾಲಿಕೊಂಡಿತ್ತು. ಮುರಗೋಡದ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ನಾನು ಚುರಮರಿ ತಿನ್ನುತ್ತ ಕುಳಿತಿದ್ದೆ. ಅಜ್ಜ ಬೆಂಚಿನ ತುದಿಗೆ ಕುಳಿತು, ಕತ್ತು ತಿರುಗಿಸಲಾರದೆ ಇಡೀ ಮೈಯನ್ನೇ ನನ್ನತ್ತ ತಿರುಗಿಸಿದ.

“ಅಯ್ಯಾರ, ನಿಮ್ಮ ಸಾಲಿ ಅಕ್ಕೋರು ನಮ್ಮನಿ ಹುಡುಗೀನ ಪೂರಾ ಕೆಡಿಸ್ಯಾರ್ರಿ.”

“ಅಂಥಾದ್ದೇನ ಮಾಡ್ಯಾರ?”

“ನಿನ್ನಿ ಸಂಜಿಮುಂದ ತಲಿಮ್ಯಾಲ ಹಸಿ ಮೇವಿನ ಹೊರಿ ಹೊತ್ಕೊಂಡ ಮನಿಗೆ ಬಂದೇನ್ರಿ. ನಮ್ಮ ಮೊಮ್ಮಗಳು ಶೈಲಜಾ ಎರಡೂ ಕೈ ಅಡ್ಡ ಹಾಕಿ ಬಾಗಲದಾಗ ನಿಂತ್ಳು. ಇಂಗ್ಲಿಷಿನ್ಯಾಗ ಹೆಸರ ಹೇಳಿದ್ರ ಒಳಗ ಬಿಡತೇನಿ ಅಂತಾಳ. ನಾ ಕಟ್ಟಿಸಿದ ಮನಿರಿ ಅದು! ಮೇವಿನ ನೀರು ಕೊಳ್ಳಾಗ ಇಳಿಯಾಕತ್ತೈತಿ, ಹುಡುಗಿ ಜಪ್ಪಯ್ಯ ಅಂದ್ರೂ ಸರಿಯವಲ್ಲಳು.”

“ಕಡೀಕ ಏನ ಮಾಡಿದ್ರಿ?”

“ಏನ ಮಾಡ್ಲಿರಿ, ಹೇಳಿದೆ. ‘ಮೈ ನೇಮ್ ಈಸ್ ವೀರಪ್ಪ ರಿ’ ಅಂದೆ. ಮೊಮ್ಮಗಳಿಗೆ ರಿ ಹಚ್ಚಿ ಮಾತಾಡೂ ಗತಿ ಬಂತ ನೋಡ್ರಿ ನನಗ.”

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ಅಜ್ಜ ಹೇಳಿದ ಇನ್ನೊಂದು ಮಾತು ನನ್ನ ಕಿವಿಯಲ್ಲಿ ಕುಳಿತಿತ್ತು: ಅಕ್ಕೋರು ಶಾಲೆಯಲ್ಲಿಯೂ ಹೀಗೇ ಮಕ್ಕಳನ್ನು ಬಾಗಿಲಲ್ಲಿ ತಡೆಯುತ್ತಾರಂತೆ. ಇಂಗ್ಲಿಷ್ ಮಾತಾಡಿದರೆ ಮಾತ್ರ ಒಳಗೆ.

ನಾನು ಬಸಯ್ಯ, ಸಿ.ಆರ್.ಪಿ. ಅಂದರೆ ಈ ಭಾಗದ ಹದಿನಾರು ಶಾಲೆಗಳಿಗೆ ಹೋಗಿ, ಪಾಠ ಹೇಗೆ ನಡೆದಿದೆ ಎಂದು ನೋಡಿ, ವರದಿ ಬರೆಯುವ ಮಾಸ್ತರ. ನನ್ನ ಮೂಗಿನ ತುದಿಯಲ್ಲೇ ಸಿಟ್ಟು ಇರುತ್ತದೆ ಎಂದು ಹದಿನಾರೂ ಶಾಲೆಯವರಿಗೆ ಗೊತ್ತು. ಇನ್ನೊಂದು ಸಂಗತಿಯನ್ನೂ ಮುಚ್ಚಿಡುವುದಿಲ್ಲ. ನನಗೆ ನನ್ನ ಇಂಗ್ಲಿಷಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಜಂಬವಿತ್ತು. ಬೈಲಹೊಂಗಲದ ಮನೆಯಿಂದ ಮುರಗೋಡಕ್ಕೆ ಬಸ್ಸಿನಲ್ಲಿ ಬರುವಾಗ ಇಂಗ್ಲಿಷ್ ಪೇಪರನ್ನು ಪೂರ್ತಿ ಅಗಲಿಸಿ ಹಿಡಿಯುತ್ತಿದ್ದೆ. ಪಕ್ಕದವರಿಗೆ ತೊಂದರೆಯಾದರೂ ಚಿಂತೆಯಿಲ್ಲ, ಅವರಿಗೆ ಕಾಣಬೇಕು.

ಚಿಕ್ಕ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಇಂಗ್ಲಿಷ್ ಕಲಿಸುವುದೆಂದರೆ ಏನು? ಅವತ್ತೇ ನೋಟೀಸು ಕೊಡಿಸಿಬಿಡಬೇಕು ಎಂದುಕೊಂಡು ಬೈಕ್ ಹತ್ತಿದೆ.

ಗೌಡರ ತೋಟದ ಶಾಲೆ ಮುರಗೋಡದಿಂದ ಒಳಗೆ ಹೋಗುವ ಮಣ್ಣಿನ ದಾರಿಯಲ್ಲಿದೆ. ಎರಡು ಕೋಣೆ, ಒಂದು ಅಡುಗೆ ಕೋಣೆ, ಸುತ್ತ ಕಬ್ಬು. ಒಂದರಿಂದ ಐದನೆಯ ಇಯತ್ತೆಯವರೆಗೆ ಮೂವತ್ತೊಂದು ಮಕ್ಕಳು. ತೋಟಗಳಲ್ಲಿ ಮನೆ ಮಾಡಿಕೊಂಡ ರೈತರ ಮಕ್ಕಳು, ಜೊತೆಗೆ ಕಬ್ಬು ಕಡಿಯುವ ಹಂಗಾಮಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಬರುವ ಕೂಲಿಕಾರರ ಮಕ್ಕಳು ನಾಲ್ಕೈದು. ಅಲ್ಲಿಯ ಅಕ್ಕೋರ ಹೆಸರು ಭಾಗೀರಥಿ. ಅವರ ಬಗ್ಗೆ ನನಗೆ ಅಲ್ಲಿಯವರೆಗೆ ಗೊತ್ತಿದ್ದುದು ಇಷ್ಟೇ: ತವರು ನೇಸರಗಿ, ಗಂಡನ ಮನೆ ಕಟಕೋಳ, ಗಂಡ ಶಿವಲಿಂಗಪ್ಪ ಮುರಗೋಡದಲ್ಲಿ ಬಾವಿ ಮೋಟಾರು ರಿಪೇರಿ ಮಾಡುತ್ತಾನೆ, ಇಪ್ಪತ್ತೆರಡು ವರ್ಷ ನೌಕರಿಯಾಗಿದೆ, ಮಾತು ಕಡಿಮೆ. ಸವದತ್ತಿಯಲ್ಲಿ ತರಬೇತಿಯಿದ್ದಾಗೆಲ್ಲ ಅವರಿಗೆ ಏನಾದರೊಂದು ಅಡಚಣೆ ಬರುತ್ತಿತ್ತು. ಒಮ್ಮೆ ಮಗಳಿಗೆ ಜ್ವರ, ಒಮ್ಮೆ ಅತ್ತೆಗೆ ಹುಷಾರಿಲ್ಲ. ಆಲಸಿ ಹೆಂಗಸು ಎಂದು ನಾನು ತೀರ್ಮಾನ ಮಾಡಿ ಬಹಳ ವರ್ಷವಾಗಿತ್ತು.

ಬೈಕನ್ನು ಕಾಲುವೆ ಬದಿಯಲ್ಲಿ ನಿಲ್ಲಿಸಿ, ಸಪ್ಪಳವಾಗದಂತೆ ಬೇವಿನ ಮರದ ಹಿಂದೆ ನಿಂತೆ. ಬಿಸಿಯೂಟ ಮುಗಿದಿತ್ತು. ತರಗತಿಯ ಬಾಗಿಲಲ್ಲಿ ಇಬ್ಬರು ದೊಡ್ಡ ಮಕ್ಕಳು, ವೀರಪ್ಪಜ್ಜನ ಮೊಮ್ಮಗಳು ಶೈಲಜಾ ಮತ್ತು ಬಾಳೇಶ ಎಂಬ ಹುಡುಗ, ಒಂದು ಕೆಂಪು ಟವೆಲ್ಲಿನ ಎರಡು ತುದಿ ಹಿಡಿದು ಅಡ್ಡ ನಿಂತಿದ್ದರು. ಉಳಿದವರು ಹೊರಗೆ ನೆರಳಿನಲ್ಲಿ ಸಾಲಾಗಿ, ಅಕ್ಕೋರೂ ಅದೇ ಸಾಲಿನಲ್ಲಿ.

ಒಬ್ಬ ಹುಡುಗ ಮುಂದೆ ಬಂದು ಎದೆಯುಬ್ಬಿಸಿ ಕೂಗಿದ: “ಹಾಟ್ ಹಾಟ್ ರೊಟ್ಟಿ, ಕೋಲ್ಡ್ ಕೋಲ್ಡ್ ಕರ್ಡ್! ಮೈ ಗೋಟ್ ನೇಮ್ ಗೌರಿ, ಶಿ ಈಸ್ ಎ ಬರ್ಡ್!”

ಸಾಲೆಲ್ಲ ನಕ್ಕಿತು. ಬಾಗಿಲ ಕಾಯುತ್ತಿದ್ದ ಶೈಲಜಾ ಹುಬ್ಬು ಗಂಟು ಹಾಕಿ ವಿಚಾರಿಸಿದಳು: “ವೈ ಬರ್ಡ್? ಗೋಟ್ ನೋ ಬರ್ಡ್.”

“ಶಿ ಜಂಪ್! ವಾಲ್ ಜಂಪ್! ಎವ್ರಿಡೇ ಜಂಪ್!”

“ಓಕೆ. ಕಮ್.”

ಟವೆಲ್ಲು ಕೆಳಗಿಳಿಯಿತು. ಹುಡುಗ ಗೆದ್ದವನಂತೆ ಒಳಗೆ ಹೋದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಮರ ಹಿಡಿದುಕೊಂಡು ನಿಂತೇಬಿಟ್ಟೆ. ಇದು ಬಾಯಿಪಾಠವಲ್ಲ. ಒಬ್ಬಳು ಕೇಳಿದಳು, ಒಬ್ಬ ತನ್ನ ತಲೆಯಿಂದ ಉತ್ತರ ಹುಡುಕಿ ಹೇಳಿದ. ಹದಿನಾರು ಶಾಲೆಗಳಲ್ಲಿ ನಾನು ‘ವಾಟ್ ಈಸ್ ಯುವರ್ ನೇಮ್’ ಎಂದು ಕೇಳಿದ್ದೇನೆ, ಎದ್ದುನಿಂತು ಒಂದೇ ರಾಗದಲ್ಲಿ ಉತ್ತರ ಒಪ್ಪಿಸುವ ಮಕ್ಕಳನ್ನು ನೋಡಿದ್ದೇನೆ. ಆಡು ಯಾಕೆ ಹಕ್ಕಿ ಎಂದು ಇಂಗ್ಲಿಷಿನಲ್ಲಿ ವಾದ ಮಾಡುವ ಮಕ್ಕಳನ್ನು ಅವತ್ತೇ ಮೊದಲು ನೋಡಿದ್ದು.

ಮತ್ತು ಇದೆಲ್ಲ ನನಗೆ ಎಲ್ಲೋ ನೋಡಿದ ಹಾಗಿತ್ತು. ಟವೆಲ್ಲು, ತಡೆದ ಬಾಗಿಲು, ಪ್ರಾಸ, ನಗು. ಆಮೇಲೆ ಹೊಳೆಯಿತು: ಇದು ಒಡಪು! ನಮ್ಮ ಕಡೆ ಮದುವೆಯಾಗಿ ಮೊದಲ ಸಲ ಗಂಡನ ಮನೆಗೆ ಬಂದ ಸೊಸೆಯನ್ನು ನಾದಿನಿಯರು ಹೊಸ್ತಿಲಲ್ಲಿ ತಡೆದು ನಿಲ್ಲಿಸುತ್ತಾರೆ. ಪ್ರಾಸ ಕಟ್ಟಿ, ಅದರಲ್ಲಿ ಗಂಡನ ಹೆಸರು ಸೇರಿಸಿ ಗಟ್ಟಿಯಾಗಿ ಹೇಳಿದರೇನೆ ಒಳಗೆ. ಆ ಆಟವನ್ನು ಈ ಹೆಣ್ಣುಮಗಳು ಎತ್ತಿಕೊಂಡು ಬಂದು ಇಂಗ್ಲಿಷಿಗೆ ಹಚ್ಚಿದ್ದಾರೆ.

ಸಾಲು ಸಾಗಿತು. ಒಬ್ಬಳ ಒಡಪಿನಲ್ಲಿ ಅವಳ ಅಜ್ಜಿ, ಇನ್ನೊಬ್ಬನ ಒಡಪಿನಲ್ಲಿ ಟ್ರ್ಯಾಕ್ಟರು. ಕಡೆಗೆ ಒಂದನೆಯ ಇಯತ್ತೆಯ ಪುಟ್ಟ ಹುಡುಗಿಯೊಬ್ಬಳು ಉಳಿದಳು. ಕಬ್ಬು ಕಡಿಯುವವರ ಮಗಳು, ಸಾರಿಕಾ. ಬಂದು ಎರಡು ತಿಂಗಳಾಗಿತ್ತಷ್ಟೆ. ಮನೆಮಾತು ಮರಾಠಿ, ಕನ್ನಡವೇ ನೆಟ್ಟಗೆ ಬಾರದು. ಅವಳು ತುಟಿ ಬಿಗಿಹಿಡಿದು ನೆಲ ನೋಡುತ್ತ ನಿಂತಳು. ಯಾರೂ ಅವಸರ ಮಾಡಲಿಲ್ಲ.

ಆಗ ಭಾಗೀರಥಿ ಅಕ್ಕೋರು ಅವಳ ಪಕ್ಕಕ್ಕೆ ಬಂದು ತಾವೇ ಬಾಗಿಲ ಮುಂದೆ ನಿಂತರು. “ಐ ಡ್ರಿಂಕ್ ರೊಟ್ಟಿ. ಐ ಈಟ್ ಟೀ,” ಎಂದರು.

ನಾನು ಜೇಬಿನಿಂದ ಡೈರಿ ತೆಗೆದು ಬರೆದೆ: ‘ಶಿಕ್ಷಕಿಗೇ ಇಂಗ್ಲಿಷ್ ಬಾರದು.’ ಪೆನ್ನಿನ ಟೋಪಿ ಇನ್ನೂ ಹಾಕಿರಲಿಲ್ಲ, ಆ ಪುಟ್ಟ ಹುಡುಗಿ ತಲೆಯೆತ್ತಿ, ಅಕ್ಕೋರ ಸೆರಗು ಜಗ್ಗಿ, ಸಿಟ್ಟಿನಿಂದಲೇ ಕೂಗಿದಳು: “ನೋ! ನೋ ಈಟ್ ಟೀ! ಡ್ರಿಂಕ್ ಟೀ!”

“ಓ! ಡ್ರಿಂಕ್ ಟೀ?”

“ಡ್ರಿಂಕ್ ಟೀ! ಈಟ್ ಭಾಕ್ರಿ!” ರೊಟ್ಟಿಗೆ ಅವಳ ಮನೆಮಾತಿನಲ್ಲಿ ಭಾಕ್ರಿ.

ಟವೆಲ್ಲು ತಾನಾಗಿಯೇ ಇಳಿಯಿತು. ಸಾರಿಕಾ ತಾನು ಮಾತಾಡಿದ್ದೇನೆಂಬ ಖಬರೇ ಇಲ್ಲದೆ, ಅಕ್ಕೋರಿಗೆ ಬುದ್ಧಿ ಹೇಳುತ್ತಲೇ ಹೊಸ್ತಿಲು ದಾಟಿ ಒಳಗೆ ಹೋದಳು. ಡೈರಿಯಲ್ಲಿ ಬರೆದ ಸಾಲನ್ನು ಮೂರು ಸಲ ಗೀಚಿ ಹಾಕಿದೆ.

ನೋಟೀಸಿನ ವಿಚಾರವನ್ನು ಕಾಲುವೆಯ ನೀರಿಗೆ ಬಿಟ್ಟು ಶಾಲೆಯೊಳಗೆ ಹೋದೆ. ಅಕ್ಕೋರು ನನ್ನನ್ನು ಕಂಡು ಗಾಬರಿಯಾದರು. ನಾನು ಹುರುಪಿನಲ್ಲಿ ಇಂಗ್ಲಿಷಿನಲ್ಲೇ ಹೊಗಳಲು ಶುರುಮಾಡಿದೆ, ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದೀರಿ, ಹೇಗೆ ಹೊಳೆಯಿತು ಎಂದೆಲ್ಲ ಕೇಳಿದೆ. ಆಗಷ್ಟೇ ಮಕ್ಕಳ ಜೊತೆ ಪಟಪಟ ಮಾತಾಡುತ್ತಿದ್ದ ಹೆಂಗಸು ನೆಲ ನೋಡುತ್ತ ನಿಂತರು. ಥೇಟ್ ಸಾರಿಕಾ ನಿಂತ ಹಾಗೆ.

“ಕನ್ನಡದಾಗ ಕೇಳ್ರಿ ಸರ್,” ಎಂದರು ಕಡೆಗೆ. “ದೊಡ್ಡವರ ಮುಂದ ನನಗ ಇಂಗ್ಲಿಷ್ ಬರೂದಿಲ್ಲ. ಕೊಳ್ಳ ಕಟ್ಟತೈತಿ.”

“ಮಕ್ಕಳ ಮುಂದ ಇಷ್ಟ ಚಂದ ಮಾತಾಡತೀರಿ. ಆ ‘ಈಟ್ ಟೀ’ ಬೇಕಂತ ತಪ್ಪ ಹೇಳಿದ್ರಿ ಹೌದಿಲ್ಲೋ?”

“ಅದು ಬೇಕಂತ. ಒಮ್ಮೊಮ್ಮೆ ಖರೇನ ತಪ್ಪತೇನಿ. ಹುಡುಗರಿಗೆ ಯಾವುದು ಬೇಕಂತ, ಯಾವುದು ಖರೇ ಅಂತ ಗೊತ್ತಾಗೂದಿಲ್ಲ. ಅದ ಚಲೋ ಆಗೇತಿ.” ನಕ್ಕರು. ಆಮೇಲೆ ನಗು ನಿಲ್ಲಿಸಿ, “ನೀವು ಮರತಿರಬೇಕ ಸರ್. ನಾ ಮರತಿಲ್ಲ,” ಎಂದರು.

“ಏನು?”

“ಸವದತ್ತಿ ತರಬೇತಿ. ಹನ್ನೊಂದ ವರ್ಷ ಆತು. ನೀವ ಹೇಳಿಕೊಡಾಕ ಬಂದಿದ್ರಿ. ಎಲ್ಲಾರೂ ಎದ್ದು ಇಂಗ್ಲಿಷಿನ್ಯಾಗ ತಮ್ಮ ಪರಿಚಯ ಹೇಳ್ಬೇಕಂದ್ರಿ. ನಾ ಎದ್ದು ‘ಮೈ ನೇಮ್’ ಅಂದೆ, ಮುಂದ ಬರಲೇ ಇಲ್ಲ. ನೀವಂದ್ರಿ, ‘ಯಾಕ್ರಿ ಅಕ್ಕೋರ, ಹೆಸರ ಮರತ್ರೇನು? ಹಾಜರಿ ಪುಸ್ತಕಾ ತರಸ್ಲೇನು?’ ತರಬೇತಿ ಹಾಲಿನ್ಯಾಗ ಇದ್ದವರೆಲ್ಲಾ ನಕ್ಕಿದ್ರು.”

ನನಗೆ ನೆನಪಾಯಿತು. ಅದನ್ನು ನಾನು ಒಳ್ಳೇ ಚಟಾಕಿ ಎಂದುಕೊಂಡು ಆಮೇಲೆ ಎರಡು ಮೂರು ಕಡೆ ಹೇಳಿಕೊಂಡೂ ಇದ್ದೆ. ಈ ಹೆಂಗಸಿನ ಮುಖ ಮಾತ್ರ ನೆನಪಿನಲ್ಲಿರಲಿಲ್ಲ. ಮಗಳ ಜ್ವರ, ಅತ್ತೆಯ ಅನಾರೋಗ್ಯ, ಎಲ್ಲವೂ ಈಗ ಅರ್ಥವಾದವು. ಹನ್ನೊಂದು ವರ್ಷದಿಂದ ಆಕೆ ಆ ಹಾಲಿನ ಬಾಗಿಲು ದಾಟಿರಲಿಲ್ಲ. ನನಗೆ ನಾಚಿಕೆಯಾಯಿತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಆದರೆ ಆ ಮಾತಿನ ರೂಢಿ ನನಗಿರಲಿಲ್ಲ. “ಹೌದೇನು,” ಎಂದಷ್ಟೇ ಅಂದೆ.

ಆಕೆಯೇ ನನ್ನನ್ನು ಆ ಇಕ್ಕಟ್ಟಿನಿಂದ ಬಿಡಿಸಿದರು. ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟು, ಈ ಬಾಗಿಲಾಟ ಹೇಗೆ ಹೊಳೆಯಿತೆಂದು ಹೇಳಿದರು.

“ಮದವ್ಯಾಗಿ ಕಟಕೋಳಕ ಬಂದಾಗ ಹತ್ತೊಂಬತ್ತ ವರ್ಷ ನನಗ. ನಾದಿನ್ಯಾರು ಬಾಗಲಾ ತಡದ್ರು. ಒಡಪಾ ನಾಕ ದಿನಾ ಬಾಯಿಪಾಠ ಮಾಡಿದ್ದೆ, ಒಂದಕ್ಷರಾ ನೆನಪಾಗವಲ್ದು. ಓಣಿ ಮಂದೆಲ್ಲಾ ಕೂಡಿತ್ತು. ಸೊಸಿ ಮೂಕಿ ಅದಾಳೇನ ಅಂತ ಯಾರೋ ಅಂದ್ರು. ನನಗ ಅಳೂನ ಬಂತು. ಆಗ ನಮ್ಮತ್ತಿ ರಾಚವ್ವ ಒಳಗಿಂದ ಬಂದ್ರು. ‘ತಡೀರ್ಯೇ, ಮೊದಲ ನಂದು ಕೇಳ್ರಿ’ ಅಂದ್ರು. ಸೊಂಟದ ಮ್ಯಾಲ ಕೈ ಇಟ್ಟು, ‘ಹಿತ್ತಲದಾಗ ಬಿಲ್ಪತ್ರಿ, ಅಂಗಳದಾಗ ಕಟ್ಟಿ, ಮಂದಿಯೊಳಗ ಹೆಸರ ಹೇಳತೇನಿ ಗಟ್ಟಿ’ ಅಂದು, ಮಾವನ ಹೆಸರ ಹೇಳೂ ಜಾಗಾದಾಗ ‘ಬಿಳ್ಯಾ!’ ಅಂದುಬಿಟ್ರು.”

“ಬಿಳ್ಯಾ ಅಂದ್ರ?”

“ನಮ್ಮನಿ ಎತ್ತು ಸರ್. ಬಿಳೀ ಎತ್ತು.”

ನಾನು ಚಹಾ ನೆತ್ತಿಗೇರಿ ಕೆಮ್ಮಿದೆ.

“ಓಣಿ ಮಂದಿ ಬಿದ್ದ ಬಿದ್ದ ನಕ್ರು. ಮಾವ ಟೊಪಿಗಿ ತಗದು ಅತ್ತೀಗೆ ಒಗದ್ರು. ನಾನೂ ನಕ್ಕೆ. ನಗೂದ್ರಾಗ ಒಡಪಾ ಬಂತು, ನಮ್ಮ ಮನಿಯವರ ಹೆಸರೂ ಬಂತು. ಒಳಗ ಹ್ವಾದೆ. ಅತ್ತಿ ಬೇಕಂತ ಹಂಗ ಅಂದ್ರೋ, ಖರೇನ ತಪ್ಪಿದ್ರೋ, ಇಪ್ಪತ್ತೈದ ವರ್ಷದಾಗ ನೂರ ಸಲ ಕೇಳೇನಿ. ಹೇಳಿಲ್ಲ. ಹ್ವಾದ ವರ್ಷ ತೀರಿಕೊಂಡ್ರು. ಹೇಳದನ ಹ್ವಾದ್ರು.”

ಅಕ್ಕೋರು ಲೋಟ ತೆಗೆದುಕೊಂಡು ಎದ್ದರು. “ನಮ್ಮ ಹುಡುಗರಿಗೆ ಇಂಗ್ಲಿಷ್ ಬರೂದಿಲ್ಲ ಅನ್ನೂದ ಸುಳ್ಳು ಸರ್. ಹೊಸ್ತಿಲದಾಗ ನಿಂತಿರತಾವ. ತಮಗಿಂತ ಮೊದಲ ಒಬ್ರು ತಪ್ಪಬೇಕು. ಅಷ್ಟ ಬೇಕ ಅವಕ್ಕ.”

ಇಪ್ಪತ್ತು ವರ್ಷದಿಂದ ತರಬೇತಿ ಕೊಡುತ್ತ ಬಂದ ನಾನು ಆ ಖಾಲಿ ಬೆಂಚಿನ ಮೇಲೆ ವಿದ್ಯಾರ್ಥಿಯ ಹಾಗೆ ಕುಳಿತಿದ್ದೆ.

ಅದಾಗಿ ಮೂರು ವಾರಕ್ಕೆ ಸವದತ್ತಿಯಲ್ಲಿ ಒಂದು ಸಭೆ ಗೊತ್ತಾಯಿತು. ಪ್ರಾಥಮಿಕ ಶಾಲೆಯ ಮಕ್ಕಳಿಂದ ಇಂಗ್ಲಿಷ್ ಮಾತಾಡಿಸುವುದು ಹೇಗೆಂದು ಚರ್ಚೆ. ತಾಲೂಕಿನ ಎಂಬತ್ತು ಜನ ಶಿಕ್ಷಕರು ಬರುವವರು, ಮೇಲಿನಿಂದ ಒಬ್ಬ ಸಾಹೇಬರೂ ಬರುವವರು. ಒಂದೊಂದು ಭಾಗದಿಂದ ಒಬ್ಬರು ತಮ್ಮ ಪ್ರಯೋಗವನ್ನು ಇಂಗ್ಲಿಷಿನಲ್ಲಿ ಹೇಳಬೇಕು. ನಾನು ಹಿಂದೆ ಮುಂದೆ ನೋಡದೆ ಭಾಗೀರಥಿ ಅಕ್ಕೋರ ಹೆಸರು ಬರೆದು ಕಳಿಸಿದೆ. ಕೇಳಲೇ ಇಲ್ಲ. ಸಭೆ ಅದೇ ಹಾಲಿನಲ್ಲಿ ಎಂಬುದು ಹೆಸರು ಕಳಿಸಿದ ಮೇಲೆ ತಿಳಿಯಿತು.

ಫೋನ್ ಮಾಡಿ ಆಕೆಗೆ ತಿಳಿಸಿದೆ. “ಹುಡುಗರನ್ನ ಕರಕೊಂಡ ಬರತೇನಿ ಸರ್. ಅವು ಮಾಡಿ ತೋರಸ್ತಾವ. ನನಗ ಮಾತಾಡಂತ ಅನಬ್ಯಾಡ್ರಿ.” ಫೋನ್ ಇಡುವ ಮುಂಚೆ ಹೇಳಿದರು: “ಒಳಗ ಬರಾಕಾದ್ರೂ ಆಗತೈತೋ ಇಲ್ಲೋ ಗೊತ್ತಿಲ್ಲ. ನೋಡೂಣು.”

ಸಭೆಯ ದಿನ ಬೆಳಿಗ್ಗೆ ಟಂಟಂ ರಿಕ್ಷಾದಲ್ಲಿ ಅಕ್ಕೋರು ಮತ್ತು ಆರು ಮಕ್ಕಳು ಬಂದಿಳಿದರು. ಶೈಲಜಾ, ಬಾಳೇಶ, ಹಟ ಹಿಡಿದು ಬಂದ ಸಾರಿಕಾ, ಇನ್ನೂ ಮೂವರು. ಮಕ್ಕಳ ಜೊತೆ ವೀರಪ್ಪಜ್ಜನೂ ಬಂದಿದ್ದ, ಕುತ್ತಿಗೆ ನೆಟ್ಟಗಾಗಿತ್ತು. ಹೊರಗೆ ಪೆಂಡಾಲಿನಲ್ಲಿ ಉಪ್ಪಿಟ್ಟು, ಚಹಾ ನಡೆದಿತ್ತು. ಎಂಬತ್ತು ಜನ ಶಿಕ್ಷಕರೂ, ಸಾಹೇಬರೂ ಅಲ್ಲಿ ತಟ್ಟೆ ಹಿಡಿದು ನಿಂತಿದ್ದೆವು. ಮಕ್ಕಳು ಬೇಗ ತಿಂದು ಮುಗಿಸಿ, ಅಷ್ಟು ದೊಡ್ಡ ಹಾಲು ಹೇಗಿದೆಯೆಂದು ನೋಡಲು ಒಳಗೆ ಓಡಿದವು. ಯಾರೂ ತಡೆಯಲಿಲ್ಲ.

ಗಂಟೆಯಾಯಿತು. ನಾವೆಲ್ಲ ಕೈತೊಳೆದು ಬಾಗಿಲಿಗೆ ಬಂದರೆ ಕೆಂಪು ಟವೆಲ್ಲು ಅಡ್ಡ! ಒಂದು ತುದಿ ಶೈಲಜಾ, ಇನ್ನೊಂದು ತುದಿ ಬಾಳೇಶ. ಆ ಮಕ್ಕಳಿಗೆ ಅದು ಬರಿಯ ತಮ್ಮ ಶಾಲೆಯ ಆಟ ಎಂದು ಯಾರೂ ಹೇಳಿರಲಿಲ್ಲ. ಇಂಗ್ಲಿಷ್ ಕಲಿಯುವ ಕೋಣೆ ಎಲ್ಲಿದ್ದರೂ ಹೀಗೇ ಒಳಗೆ ಹೋಗಬೇಕು ಎಂದೇ ಅವು ತಿಳಿದಿದ್ದವು.

“ಒನ್ ಒಡಪು ಸರ್. ದೆನ್ ಕಮ್,” ಎಂದಳು ಶೈಲಜಾ. ಹೆದರಿಕೆಯ ಸುಳಿವೂ ಇಲ್ಲ.

ಮುಂದಿದ್ದ ಒಬ್ಬ ಮಾಸ್ತರ ನಕ್ಕು ಹಿಂದೆ ಸರಿದರು. ಅವರ ಹಿಂದಿದ್ದವರು ಜೇಬಿನಿಂದ ಮೊಬೈಲ್ ತೆಗೆದರು. “ನೀವ ಹೇಳ್ರಿ,” “ಏ, ನೀವ ಸೀನಿಯರ್ ಅದೀರಿ,” ಎಂದು ಒಬ್ಬರ ಬೆನ್ನ ಹಿಂದೆ ಒಬ್ಬರು. ಸಾಹೇಬರು ಮಜಾ ನೋಡುತ್ತ ಪಕ್ಕಕ್ಕೆ ನಿಂತು, “ಹೇಳ್ರಿ ಯಾರರ, ಬಿಸಲಾಗ ಎಷ್ಟೊತ್ತ ನಿಂದ್ರೂದು?” ಎಂದರು. ಅವರೂ ಮುಂದೆ ಬರಲಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ಎಂಬತ್ತು ಜನ ಒಂದು ಟವೆಲ್ಲಿನ ಮುಂದೆ ಬಾಯಿ ಕಟ್ಟಿ ನಿಂತಿದ್ದೆವು. ನಮ್ಮೆಲ್ಲರೊಳಗೂ ಅದೇ ಹೆದರಿಕೆ ಇತ್ತು. ಅಕ್ಕೋರು ಒಬ್ಬರೇ ಅದನ್ನು ಬಾಯಿಬಿಟ್ಟು ಹೇಳಿದ್ದರು, ಅಷ್ಟೇ ವ್ಯತ್ಯಾಸ.

ಅವರು ಎಲ್ಲರ ಹಿಂದೆ ಬೇವಿನ ಗಿಡದ ಬುಡದಲ್ಲಿ ನಿಂತಿದ್ದರು. ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಮೊದಲು ಒಬ್ಬರು ತಪ್ಪಬೇಕು. ಸರಿ, ಇವತ್ತು ನಾನೇ ಆ ರಾಚವ್ವ ಆಗುತ್ತೇನೆ ಎಂದು ಗುಂಪನ್ನು ಸೀಳಿ ಮುಂದೆ ಹೋದೆ. ಚಂದದ ಒಡಪು ಕಟ್ಟಿ, ಕಡೆಗೆ ಬೇಕಂತಲೇ ಒಂದು ತಪ್ಪು ಮಾಡಿ ನಗಿಸುವುದು ನನ್ನ ಯೋಜನೆ. “ಬ್ಲ್ಯಾಕ್ ಸಾಯಿಲ್, ವೈಟ್ ಕಾಟನ್,” ಎಂದೆ, ದೊಡ್ಡ ದನಿಯಲ್ಲಿ. ಎರಿ ಹೊಲ, ಬಿಳಿ ಹತ್ತಿ. ಚೆನ್ನಾಗಿಯೇ ಬಂತು. “ಮೈ ವೈಫ್ಸ್ ನೇಮ್ ಈಸ್...”

ಅಲ್ಲಿ ನಿಂತಿತು. ನನ್ನ ಹೆಂಡತಿಯ ಹೆಸರನ್ನು ನಾನು ನಾಲ್ಕು ಜನರ ಮುಂದೆ ಯಾವತ್ತೂ ಹೇಳಿದವನಲ್ಲ. ಮನೆಯಲ್ಲಿ ‘ಏ’, ‘ಕೇಳ್ತೇನ’, ಹೊರಗೆ ‘ನಮ್ಮನ್ಯಾಗ’. ಈಗ ಎಂಬತ್ತು ಜೋಡಿ ಕಣ್ಣು ಬೆನ್ನಿಗೆ ಚುಚ್ಚುತ್ತಿವೆ, ಎದುರಿಗೆ ಆ ಹುಡುಗಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಾಳೆ, ಹೆಸರು ಬರುತ್ತಿಲ್ಲ. ದೇವರಾಣೆಗೂ ಬರುತ್ತಿಲ್ಲ. ಬೆವರು ಕಿವಿಯ ಹಿಂದೆ ಇಳಿಯಿತು. ಬಾಯಿಂದ ತಾನಾಗಿಯೇ ಹೊರಬಿತ್ತು: “ಐ ಹ್ಯಾವ್ ಫರ್ಗಾಟನ್.”

ಬಾಳೇಶ ಟವೆಲ್ಲು ಹಿಡಿದುಕೊಂಡೇ ಕುಣಿದಾಡಿದ: “ಕಾಟನ್, ಫರ್ಗಾಟನ್! ಕಾಟನ್, ಫರ್ಗಾಟನ್! ಸೂಪರ್ ಸರ್!”

ಆಮೇಲೆ ಎದ್ದ ನಗೆಯನ್ನು ಏನು ಹೇಳಲಿ! ಸಾಹೇಬರು ಗೋಡೆ ಹಿಡಿದುಕೊಂಡರು. ವೀರಪ್ಪಜ್ಜ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತ, “ಹಾಜರಿ ಪುಸ್ತಕಾ ತರಸ್ರಿ ಅಯ್ಯಾರ, ಹೆಂಡರ ಹೆಸರ ಅದ್ರಾಗ ಐತೇನ ನೋಡೂಣು!” ಎಂದ. ಅವನಿಗೆ ಹಳೆಯ ಸಂಗತಿ ಗೊತ್ತಿರಲಿಲ್ಲ, ಪಾಪ. ನನಗೆ ಮಾತ್ರ ಆ ಮಾತು ಎದೆಯೊಳಗೆ ನೆಟ್ಟಿತು. ಹನ್ನೊಂದು ವರ್ಷದ ಹಿಂದೆ ಇಲ್ಲಿ ಒಬ್ಬಾಕೆಗೆ ಏನಾಗಿತ್ತೆಂದು ನನಗೆ ಅರ್ಥವಾದದ್ದು ಆ ಹೊಸ್ತಿಲಲ್ಲಿ. “ಯಶೋದಾ,” ಎಂದೆ. “ಹರ್ ನೇಮ್ ಈಸ್ ಯಶೋದಾ.” ಟವೆಲ್ಲು ಇಳಿಯಿತು.

ನಾನು ಬಿದ್ದ ಮೇಲೆ ಉಳಿದವರಿಗೆ ದಾರಿ ಸಲೀಸಾಯಿತು. ಒಬ್ಬರು ಆಕಳ ಹೆಸರು ಹೇಳಿದರು, ಒಬ್ಬರು ಬೈಕಿನ ನಂಬರು. ಸಾಹೇಬರು ಉಪ್ಪಿಟ್ಟಿಗೂ ತಮ್ಮ ತಾಯಿಗೂ ಹೇಗೋ ಪ್ರಾಸ ಜೋಡಿಸಿ ಒಳಗೆ ಬಂದರು. ವೀರಪ್ಪಜ್ಜ ಟೊಪ್ಪಿಗೆ ಸರಿಮಾಡಿಕೊಂಡು “ಮೈ ನೇಮ್ ಈಸ್ ವೀರಪ್ಪ ರಿ,” ಎಂದು ಸರಾಗವಾಗಿ ಹೇಳಿ, ಹಳೇ ಪರಿಚಯದವನ ಹಾಗೆ ಮೊಮ್ಮಗಳ ಗಲ್ಲ ಹಿಂಡಿ ಒಳಗೆ ಬಂದ. ನೋಡನೋಡುತ್ತ ಹಾಲು ತುಂಬಿತು.

ಹೊರಗೆ ಉಳಿದವರು ಒಬ್ಬರೇ.

ಭಾಗೀರಥಿ ಅಕ್ಕೋರು ಗಿಡದ ಬುಡ ಬಿಟ್ಟು ಮೆಲ್ಲಗೆ ಬಾಗಿಲಿಗೆ ಬಂದರು. ಹಾಲಿನಲ್ಲಿದ್ದವರೆಲ್ಲ ಬಾಗಿಲತ್ತ ತಿರುಗಿದರು. ಶೈಲಜಾ ಟವೆಲ್ಲು ಇಳಿಸಲಿಲ್ಲ. ಅಕ್ಕೋರಿಗೆಂದು ನಿಯಮ ಸಡಿಲ ಮಾಡುವ ಹುಡುಗಿಯಲ್ಲ ಅದು. ನಾನು ಒಳಗಿನಿಂದ ನೋಡುತ್ತಿದ್ದೆ. ನಾನು ಅಷ್ಟು ಚೆನ್ನಾಗಿ ಬಿದ್ದಿದ್ದೇನೆ, ಇನ್ನು ಈಕೆಗೆ ಕಷ್ಟವಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ ಕೂಡ.

“ಮೈ ನೇಮ್,” ಎಂದರು ಅಕ್ಕೋರು.

ನಿಂತಿತು. ಅದೇ ಜಾಗ, ಅದೇ ಎರಡು ಶಬ್ದ. ಅವರು ಎಂಬತ್ತು ಮುಖಗಳನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಹೆಜ್ಜೆ ಹಿಂದಕ್ಕಿಟ್ಟರು. ನಾನು ತಲೆ ತಗ್ಗಿಸಿದೆ. ನನ್ನ ಒಂದು ದಿನದ ತಪ್ಪಿಗೆ ಆ ಹನ್ನೊಂದು ವರ್ಷವನ್ನು ತೆಗೆಯುವ ಶಕ್ತಿ ಇರಲಿಲ್ಲ.

ಆಗ ಶೈಲಜಾಳ ಲಂಗದ ಹಿಂದಿನಿಂದ ಸಾರಿಕಾ ತೂರಿಕೊಂಡು ಬಂದಳು. ಟವೆಲ್ಲಿನ ಕೆಳಗೆ ನಿಂತು, ಕತ್ತೆತ್ತಿ, ತನ್ನ ಅಕ್ಕೋರ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದಳು:

“ಟೀಚರ್! ಯುವರ್ ನೇಮ್ ಈಸ್ ಬಫೆಲೋ!”

ಯಾರೋ “ಅಯ್ಯಯ್ಯ” ಎಂದರು. ಆ ಮಗುವಿಗೆ ರಾಚವ್ವ ಗೊತ್ತಿಲ್ಲ. ಕಟಕೋಳ ಗೊತ್ತಿಲ್ಲ. ಬಿಳ್ಯಾ ಎಂಬ ಎತ್ತು ಬದುಕಿದ್ದ ಕಾಲಕ್ಕೆ ಈ ಮಗುವಿನ ಅವ್ವನೇ ಇನ್ನೂ ಸಣ್ಣವಳು. ಬೇಕಂತ ಅಂದಿತೋ, ಆಟಕ್ಕೆ ಅಂದಿತೋ, ಇವತ್ತಿಗೂ ನನಗೆ ತಿಳಿದಿಲ್ಲ. ಕೇಳಲೂ ಹೋಗಿಲ್ಲ.

ಅಕ್ಕೋರ ಕಣ್ಣು ಅಗಲವಾದವು. ಮೊದಲು ನಗು ಬಂತು, ನಗುವಿನ ಬೆನ್ನಿಗೇ ಕಣ್ಣೀರು ಬಂತು.

“ನೋ!” ಎಂದರು ಸಾರಿಕಾಳಿಗೆ. “ನಾಟ್ ಬಫೆಲೋ. ಮೈ ನೇಮ್ ಈಸ್ ಭಾಗೀರಥಿ.”

“ಭಾಗೀರಥಿ?” ಎಂದಳು ಸಾರಿಕಾ, ನಂಬಿಕೆ ಬಾರದವಳ ಹಾಗೆ.

“ಯೆಸ್. ಭಾಗೀರಥಿ.” ಅಕ್ಕೋರು ತಲೆಯೆತ್ತಿ ಮಕ್ಕಳನ್ನು ದಾಟಿ ನನ್ನನ್ನು ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಮೈ ನೇಮ್ ಈಸ್ ಭಾಗೀರಥಿ, ಸರ್. ಐ ನೆವರ್ ಫರ್ಗಾಟ್.”

ಶೈಲಜಾ ಟವೆಲ್ಲು ಇಳಿಸಿದಳು. ಹೊಸ ಸೊಸೆಯ ಹಾಗೆ ಬಲಗಾಲು ಮುಂದಿಟ್ಟು ಅಕ್ಕೋರು ಹೊಸ್ತಿಲು ದಾಟಿ ಒಳಗೆ ಬಂದರು.